ಹಿತ್ತಲ ದಾರಿ ತೆಂಕಲ ಬದುವಿಗೆ ಹೋದದ್ದು

ಹಳ್ಳಿಯ ಬಚ್ಚಲುಗಳಿಗೆ ಬಾಗಿಲು ಇರದಿದ್ದ ಕಾಲ ಅದು. ದಾರಿಗಳಿಗೂ ಇರಲಿಲ್ಲ. ನನಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಆ ವರ್ಷ ಅರಿಸಿನ ಬೇಯಿಸುವ ಹೊತ್ತಿಗೆ, ನಮ್ಮ ಮನೆಯ ಹಿತ್ತಲಲ್ಲಿ ಹಾದುಹೋಗುತ್ತಿದ್ದ ಕಾಲುದಾರಿಯನ್ನು ಅಪ್ಪ ಹೊಲದ ತೆಂಕಲ ಬದುವಿಗೆ ಸರಿಸುತ್ತಾನೆ ಎಂದು ಗೊತ್ತಾದಾಗ, ಏನೇನು ಕೆಡಬಹುದು ಎಂಬುದನ್ನೆಲ್ಲ ನಾನು ಒಂದೊಂದಾಗಿ ಯೋಚಿಸಿ ಇಟ್ಟುಕೊಂಡಿದ್ದೆ.

ಆ ದಾರಿಯಲ್ಲಿ ನಡೆಯುವ ಕೇರಿಯವರು ಗುಂಪು ಕಟ್ಟಿಕೊಂಡು ಬಂದು ಅಪ್ಪನನ್ನು ಹೊಡೆಯಬಹುದು. ಹೊಡೆಯದಿದ್ದರೆ ಪೊಲೀಸರಿಗೆ ಹೇಳಬಹುದು. ಗುಂಡ್ಲುಪೇಟೆಯಿಂದ ಜೀಪು ಬರಬಹುದು. ಅದರಲ್ಲಿ ಅಪ್ಪನನ್ನು ಕೂರಿಸಿಕೊಂಡು ಹೋಗುವಾಗ ನಾನು ಸ್ಕೂಲಿನಲ್ಲಿ ಮಗ್ಗಿ ಹೇಳುತ್ತಾ ನಿಂತಿರಬಹುದು. ಹೊಸ ದಾರಿ ಹುಣಸೆಮರದ ಕೆಳಗೆ ಹೋಗುವುದರಿಂದ ಅಲ್ಲಿನ ಹುತ್ತದ ಹಾವು ಯಾರನ್ನಾದರೂ ಕಚ್ಚಬಹುದು. ಕಚ್ಚಿಸಿಕೊಂಡವನ ಹೆಂಡತಿ ನಮ್ಮ ಬಾಗಿಲಲ್ಲಿ ಕೂತು ಮಣ್ಣು ತೂರಿ ಶಾಪ ಹಾಕಬಹುದು. ಬಂಡೀಪುರದ ಕಡೆಯಿಂದ ಆಗಾಗ ಬರುವ ಆನೆ, ಹೊಸ ದಾರಿ ತನಗಾಗಿಯೇ ಮಾಡಿದ್ದು ಅಂದುಕೊಳ್ಳಬಹುದು. ಹಳೆ ದಾರಿ ಉಳುವಾಗ ಯಾರದೋ ಮೂಳೆ ಸಿಗಬಹುದು. ನಮ್ಮ ಹಸು ಮನೆಯ ಗುರುತು ಸಿಗದೆ ಚಾಮರಾಜನಗರ ಸೇರಬಹುದು. ಪೋಸ್ಟಿನವನು ದಾರಿ ತಪ್ಪಿ ನಮ್ಮ ಕಾಗದವನ್ನು ವಾಪಸ್ ಒಯ್ಯಬಹುದು. ನಮಗೆ ಯಾರೂ ಕಾಗದ ಬರೆಯುತ್ತಿರಲಿಲ್ಲ. ಆದರೂ ಅದೇ ವಾರ ಯಾರಾದರೂ ಬರೆದಿದ್ದರೆ ಎಂಬ ಯೋಚನೆಯಲ್ಲಿ ಒಂದು ದಿನ ಮುದ್ದೆ ಸರಿಯಾಗಿ ಇಳಿಯಲಿಲ್ಲ.

ಈ ರೋಗ ನನಗೆ ವಯಸ್ಸಿನಿಂದ ಬಂದದ್ದಲ್ಲ ಎಂದು ಹೇಳಲು ಇಷ್ಟು ಬರೆದೆ. ಇವತ್ತಿಗೂ ನಾನು ಮನೆಗೆ ಬೀಗ ಹಾಕಿ ಬಸ್ ಸ್ಟಾಪಿನವರೆಗೆ ಹೋಗಿ, ವಾಪಸ್ ಬಂದು, ಬೀಗ ಎಳೆದು ನೋಡುವವಳು. ನಾನು ಕೆಲಸ ಮಾಡುವ ಕಚೇರಿಗೆ ದಾರಿ ತಕರಾರಿನ ಅರ್ಜಿಗಳೇ ವಾರಕ್ಕೆ ನಾಲ್ಕು ಬರುತ್ತವೆ. 'ನಕಾಶೆ ಕಂಡ ದಾರಿ' ಎಂದು ಬರೆದು, ಒಂದು ಗೀಟು ಎಳೆದು, ಫೈಲು ಕಟ್ಟುತ್ತೇನೆ. ನಮ್ಮ ಹಿತ್ತಲ ದಾರಿ ಯಾವ ನಕಾಶೆಯಲ್ಲೂ ಕಂಡಿರಲಿಲ್ಲ. ಜನ ನಡೆದರು, ಅದು ದಾರಿಯಾಯಿತು, ಅಷ್ಟೆ.

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಒಂದು ಮೈಲಿ ನಡೆದರೆ ನಮ್ಮೂರು. ನಮ್ಮ ಮನೆ ಊರಿನ ಕೊನೆಯಲ್ಲಿ, ನಮ್ಮ ಹೊಲದೊಳಗೇ ಇತ್ತು. ಹೊಲದಾಚೆ ಒಂದು ಹಳ್ಳ. ಹಳ್ಳದಾಚೆ ಕೇರಿ. ಅಲ್ಲಿ ಮೂವತ್ತು ಮನೆಯಷ್ಟು ಕೂಲಿ ಮಾಡುವವರಿದ್ದರು. ಅವರು ಸ್ಕೂಲಿಗೆ, ಹಿಟ್ಟಿನ ಮಿಲ್ಲಿಗೆ, ಬಸ್ಸಿಗೆ, ಎಲ್ಲಕ್ಕೂ ಹಳ್ಳ ದಾಟಿ ನಮ್ಮ ಹೊಲ ಹತ್ತಿ, ನಮ್ಮ ಬಚ್ಚಲಿಗೂ ಅಡಿಗೆಮನೆ ಬಾಗಿಲಿಗೂ ನಡುವಿನ ನಾಲ್ಕು ಮಾರು ಜಾಗದಲ್ಲಿ ನುಸುಳಿ, ಅಂಗಳ ದಾಟಿ ಊರು ಸೇರುತ್ತಿದ್ದರು. ಹಾದುಹೋಗುವವರು ಸುಮ್ಮನೆ ಹೋಗುತ್ತಿರಲಿಲ್ಲ. ಅಡಿಗೆಮನೆಗೆ ಕತ್ತು ಹಾಕಿ "ಏನ್ ಸಾರವ್ವಾ" ಅನ್ನುವರು. ಅವ್ವ ಒಳಗಿಂದಲೇ "ಉಪ್ಸಾರು ಕಣೆ" ಅನ್ನುವಳು. "ನೆನ್ನೆಯೂ ಅದೇ ಅಲ್ವಾ" ಎಂದು ಒಂದು ಮಾತು ಚುಚ್ಚಿ ಮುಂದಕ್ಕೆ ಹೋಗುವರು. ನಮ್ಮ ಮನೆಯಲ್ಲಿ ಎರಡು ದಿನ ಅದೇ ಸಾರು ನಡೆದರೆ ಮೂವತ್ತು ಮನೆಗೆ ಗೊತ್ತಾಗುತ್ತಿತ್ತು.

ಹಾಗೆ ಬರುವವರಲ್ಲಿ ಸಿದ್ದಮ್ಮ ಒಬ್ಬಳು, ಅವಳ ಮಗಳು ಮಾದಿ ಒಬ್ಬಳು. ಸಿದ್ದಮ್ಮ ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದಳು. ಬರುವಾಗ ಹಳ್ಳದ ದಂಡೆಯ ಸೊಪ್ಪನ್ನು ಒಂದು ಹಿಡಿ ಕಿತ್ತು ತಂದು ಅವ್ವನ ಕೈಗೆ ಕೊಡುವಳು. ಮಾದಿ ನನ್ನ ಕ್ಲಾಸು. ದಿನ ಬೆಳಗ್ಗೆ ಅಡಿಗೆಮನೆ ಬಾಗಿಲಲ್ಲಿ ನಿಂತು "ನಾಗೀ" ಎಂದು ಒಂದೇ ಸಲ ಕೂಗುವಳು. ಎರಡನೇ ಸಲ ಕೂಗಿದರೆ ತನ್ನ ಮಾನ ಹೋಗುತ್ತದೆ ಎಂಬ ಹಾಗೆ. ನಾನು ಬಾಯಲ್ಲಿ ರೊಟ್ಟಿ, ಕೈಯಲ್ಲಿ ರೊಟ್ಟಿ ಹಿಡಿದು ಓಡುವೆ, ಕೈಯದು ಅವಳಿಗೆ. ದಾರಿಯುದ್ದಕ್ಕೂ ನನ್ನ ಚಿಂತೆಗಳನ್ನು ಅವಳಿಗೆ ಒಪ್ಪಿಸುತ್ತಿದ್ದೆ. ಮೇಷ್ಟ್ರು ಸತ್ತುಹೋದರೆ, ಬಾವಿ ಉಕ್ಕಿದರೆ, ಸೂರ್ಯ ನಾಳೆ ಮರೆತರೆ. ಮಾದಿ ರೊಟ್ಟಿ ಅಗಿಯುತ್ತಾ, "ಮರ್ತರೆ ಸ್ಕೂಲ್ ಇಲ್ಲ, ಬುಡು" ಅನ್ನುತ್ತಿದ್ದಳು. ನನ್ನ ಚಿಂತೆಗಳಿಗೆ ಅಷ್ಟು ಚೆನ್ನಾಗಿ ಔಷಧಿ ಕೊಟ್ಟವರು ಆಮೇಲೆ ಯಾರೂ ಸಿಗಲಿಲ್ಲ. ನನ್ನನ್ನು ಮದುವೆಯಾದವರಂತೂ ನನಗಿಂತ ಹೆಚ್ಚು ಹೆದರುತ್ತಾರೆ.

ಇನ್ನು ಬಚ್ಚಲು. ನಾಲ್ಕು ಕಂಬ, ಮೂರು ಕಡೆ ತೆಂಗಿನ ಗರಿಯ ತಟ್ಟಿ, ನಾಲ್ಕನೆಯ ಕಡೆ ಒಂದು ಹಳೇ ಸೀರೆ. ಮೇಕೆಗಳನ್ನು ಹೊಡೆದುಕೊಂಡು ಹೋಗುವವರು ಆ ದಾರಿಯಲ್ಲೇ ಹೋಗುತ್ತಿದ್ದರಿಂದ ತಟ್ಟಿಯ ಕೆಳಗಿನ ಅರ್ಧ ಮೇಕೆಗಳ ಹೊಟ್ಟೆ ಸೇರಿತ್ತು. ನನ್ನ ಅಕ್ಕ ಜಯ ಆ ವರ್ಷ ಎಸ್ಸೆಸ್ಸೆಲ್ಸಿ. ಒಂದು ಭಾನುವಾರ ಅವಳು ತಲೆಗೆ ಸೀಗೆಪುಡಿ ಹಾಕಿಕೊಂಡು ಒಳಗೆ ಕೂತಿದ್ದಾಗ, ಬಸ್ಸಿಳಿದು ಬಂದ ಇಬ್ಬರು ಗಂಡಸರು ಬಚ್ಚಲ ಪಕ್ಕದ ಒಗೆಯುವ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದರು. ಒಳಗೆ ಯಾರಿದ್ದಾರೆ ಎಂದು ಅವರಿಗೆ ಗೊತ್ತಿಲ್ಲ. ಈರುಳ್ಳಿ ಲಾರಿ ಬಂಡೀಪುರದ ಹತ್ತಿರ ಮಗುಚಿದ ಕಥೆ ಶುರುವಾಯಿತು. ಲಾರಿ ಮಗುಚಿ, ಈರುಳ್ಳಿ ಉರುಳಿ, ಅದನ್ನು ಯಾರು ಯಾರು ಆರಿಸಿದರು ಎಂಬಲ್ಲಿಗೆ ಮುಕ್ಕಾಲು ಗಂಟೆ. ಅಕ್ಕ ಒದ್ದೆ ಮೈಯಲ್ಲಿ, ಕಣ್ಣಲ್ಲಿ ಸೀಗೆಪುಡಿ ಉರಿಯುತ್ತಾ, ಮೇಕೆ ತಿಂದುಬಿಟ್ಟ ತಟ್ಟಿಯ ಹಿಂದೆ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಕೆಮ್ಮಲೂ ಇಲ್ಲ. ಅವ್ವ ಹೊಲದಿಂದ ಬಂದು "ಎದ್ದು ಓಗ್ರಣ್ಣಾ, ಕೂರಕ್ಕೆ ನಿಮ್ಗೆ ಬೇರೆ ಜಾಗ ಇಲ್ವಾ" ಅಂದ ಮೇಲೆಯೇ ಅವರು ಎದ್ದದ್ದು.

ಮಾರನೆಯ ದಿನದಿಂದ ಅಕ್ಕ ಕೋಳಿ ಕೂಗುವ ಮುಂಚೆ ಎದ್ದು, ಚಳಿಯಲ್ಲಿ ನಡುಗುತ್ತಾ ಮೀಯತೊಡಗಿದಳು. ಹತ್ತು ದಿನಕ್ಕೆ ಜ್ವರ ಬಂತು. ಪರೀಕ್ಷೆಗೆ ಎರಡು ತಿಂಗಳೂ ಇರಲಿಲ್ಲ. ಸ್ಕೂಲು ಬಿಟ್ಟುಬಿಡುತ್ತೇನೆ ಅಂದಳು.

"ಊರ್ ದಾರಿ ಕಣಮ್ಮಿ ಅದು," ಅಪ್ಪ ಅವ್ವನಿಗೆ ಹೇಳಿದ. "ನಮ್ಮಪ್ಪನ ಕಾಲ್ದಿಂದ ನಡ್ದವ್ರೆ. ಮುಚ್ಚಕ್ಕೆ ನಾನ್ಯಾರು?"

"ಮುಚ್ಚು ಅಂದ್ನಾ? ಒಸಿ ಅತ್ಲಾಗೆ ಸರ್ಸು ಅಂದೆ. ತೆಂಕಲ ಬದು ನಮ್ದೇ ತಾನೆ. ಅವ್ರೂ ನಡೀಲಿ, ನನ್ ಮಗ್ಳೂ ಹೊತ್ತು ಉಟ್ಟಿದ್ ಮೇಲೆ ಮೀಯ್ಲಿ."

"ಬಚ್ಚಲಿಗೆ ಗೋಡೆ ಕಟ್ಟಿದ್ರೆ?"

"ಕಟ್ಟಪ್ಪಾ. ಹೋದ್ ವರ್ಷಾನೂ ನೀನು ಅದ್ನೇ ಅಂದೆ, ಅದಕ್ ಮುಂಚೆ ವರ್ಷಾನೂ ಅದ್ನೇ ಅಂದೆ."

ಅಪ್ಪ ಎರಡು ದಿನ ತೆಂಕಲ ಬದುವನ್ನು ಹೆಜ್ಜೆಯಲ್ಲಿ ಅಳೆದ. ಮೂರನೆಯ ದಿನ ಒಗೆದ ಪಂಚೆ ಉಟ್ಟು, ಹಳ್ಳದ ಈಚೆಯ ಅರಳಿಕಟ್ಟೆಗೆ ಹೋದ. ಅಲ್ಲಿ ಕೇರಿಯ ಯಜಮಾನ ರಾಚಯ್ಯ ಮತ್ತೆ ನಾಲ್ಕಾರು ಹಿರಿಯರು ಸಂಜೆ ಕೂರುತ್ತಿದ್ದರು. ಅಪ್ಪ ವಾಪಸ್ ಬರುವವರೆಗೆ ನಾನು ಬಾಗಿಲಲ್ಲಿ ನಿಂತು, ಅವನ ಮೈಮೇಲೆ ಎಲ್ಲೆಲ್ಲಿ ಗಾಯವಾಗಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಅಪ್ಪ ಬಾಯಲ್ಲಿ ಎಲೆಅಡಿಕೆ ಹಾಕಿಕೊಂಡು, ನಗುತ್ತಾ ಬಂದ.

"ಒಪ್ಪವ್ರೆ. ರಾಚಯ್ಯ, ಅದಕ್ಕೇನಂತೆ ಬುಡಿ ಅಂದ."

"ಏನಂತ ಹೇಳ್ದೆ?"

"ಅಂಗಳದಲ್ಲಿ ಅರಿಸಿನ ಒಣಗಾಕ್ತೀವಿ, ಓಡಾಡೋರ ಕಾಲಿಗೆ ಸಿಕ್ತದೆ ಅಂದೆ."

ಅವ್ವ ಒಲೆಯ ಮುಂದಿಂದ ಎದ್ದು ಬಂದಳು. "ಜಯನ ವಿಷ್ಯ ಹೇಳ್ನಿಲ್ವಾ?"

"ಎಂಗಮ್ಮಿ ಹೇಳಾದು? ಗಂಡಸ್ರು ಕೂತಿರೋ ಕಡೆ, ಮದುವೆಗ್ ಬೆಳ್ದಿರೋ ಮಗ್ಳು ಮೀಯೋ ಮಾತು ಎತ್ತಾದಾ?"

ಅದು ಅವ್ವನಿಗೂ ಸರಿ ಅನ್ನಿಸಿತು. ನನ್ನನ್ನು ಕರೆದು, ಗದ್ದ ಹಿಡಿದು ಹೇಳಿದಳು: "ಯಾರ್ ಕೇಳಿದ್ರೂ ಅರಿಸಿನ. ಅಕ್ಕನ ಹೆಸ್ರು ಎತ್ತಿದ್ರೆ ನಾಲ್ಗೆ ಸೀಳ್ಬುಡ್ತೀನಿ." ನಾಲಿಗೆ ಸೀಳಿದರೆ ಮಗ್ಗಿ ಹೇಗೆ ಹೇಳುವುದು ಎಂಬ ಹೊಸ ಚಿಂತೆಯೊಂದು ನನ್ನ ಪಟ್ಟಿ ಸೇರಿತು.

ಅಪ್ಪ ಹೊಸ ದಾರಿಯನ್ನು ಮನಸ್ಸಿಟ್ಟು ಮಾಡಿದ. ಬದುವನ್ನು ಒಂದು ಮಾರು ಅಗಲ ಮಾಡಿ, ಹಳ್ಳದಲ್ಲಿ ಎರಡು ಚಪ್ಪಡಿ ಹಾಕಿ, ಜಾರುವ ಕಡೆ ಕಲ್ಲು ಕೂರಿಸಿದ. ಹಾವಿನ ಹುತ್ತದಿಂದ ದೂರಕ್ಕೆ ತಿರುಗಿಸಿದ. ಹಳೆಯದಕ್ಕೆ ನಾಲ್ಕು ಜಾಲಿ ಕೊಂಬೆ ಎಳೆದು ಹಾಕಿದ್ದರೆ ಕೆಲಸ ಮುಗಿಯುತ್ತಿತ್ತು. ಅಪ್ಪ ಒಪ್ಪಲಿಲ್ಲ. ಮುಳ್ಳು ಹಾಕಿದರೆ ನಡೆದವರ ಮುಖಕ್ಕೆ ಹೊಡೆದಂತೆ ಅಂದ. ಬದಲಿಗೆ ಹಳೆ ದಾರಿಯನ್ನು ಉತ್ತು ದಂಟಿನ ಸೊಪ್ಪಿನ ಬೀಜ ಎರಚಿದ. ನಮ್ಮ ಕಡೆ ಬಿತ್ತಿದ ನೆಲವನ್ನು ಯಾರೂ ತುಳಿಯುವುದಿಲ್ಲ; ಕುಡಿದವರೂ ಸುತ್ತಿ ಹೋಗುತ್ತಾರೆ. ಮೂರು ತಲೆಮಾರಿನ ಹಿಮ್ಮಡಿ ಬಿದ್ದ ನೆಲ ಕಲ್ಲಿನಂತಾಗಿ ನೇಗಿಲು ಎಗರೆಗರಿ ಬೀಳುತ್ತಿತ್ತು. ಎರಡು ಸಲ ನೀರು ಹಾಯಿಸಿ, ನಾಲ್ಕು ಸಾಲು ಹೊಡೆದ ಮೇಲೆ ಮಣ್ಣು ಬಾಯಿಬಿಟ್ಟಿತು. ಮೂಳೆ ಸಿಗಲಿಲ್ಲ. ಒಂದು ಮುರಿದ ಬಳೆ, ಯಾರದೋ ಸ್ಲೇಟಿನ ಚೂರು ಸಿಕ್ಕವು. ಅಷ್ಟು ದಿನ ದನಕರು ಓಡಾಡಿದ ಗೊಬ್ಬರಕ್ಕೆ ದಂಟು ಎಂಥ ಹುಲುಸಾಗಿ ಬಂತೆಂದರೆ, ತಿಂಗಳು ಕಳೆದ ಮೇಲೆ ಒಂದು ವಾರವಿಡೀ ನಾವು ದಾರಿಯನ್ನೇ ಬಸ್ಸಾರು ಮಾಡಿಕೊಂಡು ಉಂಡೆವು.

ತೆಂಕಲ ಬದುವಿನ ಮೇಲೆ ರಾಚಯ್ಯನೇ ಒಂದು ಕಾಯಿ ಒಡೆದು ಮೊದಲು ನಡೆದ. ಹೊಡೆದಾಟವಾಗಲಿಲ್ಲ. ಜೀಪು ಬರಲಿಲ್ಲ. ಹಾವು ತನ್ನ ಪಾಡಿಗೆ ತಾನಿತ್ತು. ಆನೆಗೆ ನಮ್ಮ ದಾರಿಯ ವಿಷಯ ಯಾರೂ ಹೇಳಿದಂತೆ ಕಾಣಲಿಲ್ಲ. ಹಸು ಎರಡೇ ದಿನಕ್ಕೆ ಹೊಸ ದಾರಿ ಕಲಿತಿತು. ಕಲಿಯದವನು ಅಪ್ಪ ಒಬ್ಬನೇ. ಯೋಚನೆಯಲ್ಲಿ ದಂಟಿನ ಮೇಲೇ ನಡೆದು ಬಂದು ಅವ್ವನಿಂದ ಬೈಸಿಕೊಳ್ಳುತ್ತಿದ್ದ. ಅಕ್ಕ ಹೊತ್ತು ಹುಟ್ಟಿದ ಮೇಲೆ ಮಿಂದು, ಬಿಸಿಲಲ್ಲಿ ತಲೆ ಒಣಗಿಸುತ್ತಾ ಪುಸ್ತಕ ಹಿಡಿದು ಕೂರುತ್ತಿದ್ದಳು. ಪಾಸೂ ಆದಳು.

ನಾನು ಹೆದರಿದ್ದೊಂದೂ ಆಗದೇ ಇದ್ದದ್ದರಿಂದ ನನಗೆ ಇನ್ನಷ್ಟು ಕಳವಳವಾಯಿತು.

ಮಾದಿ ಬೆಳಗ್ಗೆ ಕೂಗಲಿಲ್ಲ. ಮೊದಲ ದಿನ ಹೊಸ ದಾರಿ ದೂರವಾಯಿತೇನೋ ಅಂದುಕೊಂಡೆ. ಎರಡನೆಯ ದಿನ ಹುಣಸೆಮರದ ಹತ್ತಿರ ಹೋಗಿ ಕಾದೆ. ಅವಳು ಆಗಲೇ ಹೋಗಿಯಾಗಿತ್ತು. ಮೂರನೆಯ ದಿನ ಇನ್ನೂ ಬೇಗ ಹೋದೆ. ಅವಳು ತನ್ನ ಕೇರಿಯ ಹುಡುಗಿಯರ ಜೊತೆ ಬಂದಳು, ನನ್ನನ್ನು ನೋಡಿದಳು, ಅದೇ ನಡಿಗೆಯಲ್ಲಿ ಮುಂದಕ್ಕೆ ಹೋದಳು. ಕೈಯಲ್ಲಿದ್ದ ರೊಟ್ಟಿಯನ್ನು ನಾನೇ ತಿಂದೆ. ಸ್ಕೂಲಿನಲ್ಲಿ ಅಣ್ಣೆಕಲ್ಲು ಆಡುವಾಗ ನನ್ನ ಸರದಿ ಬರುವ ಹೊತ್ತಿಗೆ ಕಲ್ಲುಗಳನ್ನು ಎತ್ತಿ ಲಂಗದ ಜೇಬಿಗೆ ಹಾಕಿಕೊಳ್ಳುವಳು. ಸಿದ್ದಮ್ಮ ಅರಿಸಿನದ ಕೆಲಸಕ್ಕೆ ಬರುತ್ತಲೇ ಇದ್ದಳು. ಆದರೆ ಅಡಿಗೆಮನೆಯ ಕಡೆ ತಿರುಗಿ ನೋಡುತ್ತಿರಲಿಲ್ಲ. ಸೊಪ್ಪು ತರುತ್ತಿರಲಿಲ್ಲ.

ಅರಿಸಿನ ಬೇಯಿಸುವ ದಿನಗಳೆಂದರೆ ನಮಗೆ ಹಬ್ಬಕ್ಕೆ ಕಡಿಮೆಯಿರಲಿಲ್ಲ. ಹೊಲದ ಮೂಲೆಯಲ್ಲಿ ದೊಡ್ಡ ಕೊಪ್ಪರಿಗೆ, ಅದರೊಳಗೆ ಅಗೆದು ತಂದ ಅರಿಸಿನ, ಮೇಲೆ ಅರಿಸಿನದ್ದೇ ಎಲೆಯ ಮುಚ್ಚಳ. ಆ ಆವಿಯ ವಾಸನೆ ಮಣ್ಣಿಗೂ ಔಷಧಿಗೂ ನಡುವಿನದು. ಕೂದಲಲ್ಲಿ ಒಂದು ವಾರ ನಿಲ್ಲುತ್ತಿತ್ತು. ಒಲೆಯ ಬೂದಿಯಲ್ಲಿ ಗೆಣಸು ಹುದುಗಿಸಿ, ಸುಟ್ಟಿತೋ ಇಲ್ಲವೋ ಎಂದು ಜಗಳವಾಡುತ್ತಾ ನಾನೂ ಮಾದಿಯೂ ಪ್ರತಿ ವರ್ಷ ಕಾಯುತ್ತಿದ್ದೆವು. ಆ ವರ್ಷ ಗೆಣಸು ಸುಟ್ಟು ಕರಕಾಯಿತು; ನಾನು ತೆಗೆಯಲು ಮರೆತೆ.

ಕೊನೆಯ ಕೊಪ್ಪರಿಗೆ ಇಳಿದ ದಿನ, ಕೆಲಸಕ್ಕೆ ಬಂದವರಿಗೆಲ್ಲ ಒಂದೊಂದು ಮೊರ ಬೇಯಿಸಿದ ಅರಿಸಿನ ಕೊಡುವುದು ವಾಡಿಕೆ. ಅವರ ಮನೆಗೆ ವರ್ಷಕ್ಕಾಗುವಷ್ಟು. ಅವ್ವ ಮೊರ ಹಿಡಿದು ಸಿದ್ದಮ್ಮನ ಮುಂದೆ ನಿಂತು "ಸೆರಗೊಡ್ಡು ಸಿದ್ದಮ್ಮ" ಅಂದಳು.

ಸಿದ್ದಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿದಳು. ಒಡ್ಡಲಿಲ್ಲ. ಎರಡು ಕೈಯಲ್ಲಿ ಹಿಡಿದು, ಅವ್ವನ ಮುಂದೆ ಒಂದು ಸಲ ಕೊಡವಿದಳು, ಇನ್ನೊಂದು ಸಲ ಕೊಡವಿದಳು. ಒಂದು ಅಡಿಕೆ ಚೂರು ಕೆಳಗೆ ಬಿತ್ತು.

"ನೋಡ್ಕಳಿ ಕಣವ್ವಾ. ಕದ್ದಿದ್ದು ಏನೂ ಇಲ್ಲ."

"ಯಾಕ್ ಸಿದ್ದಮ್ಮ, ಇಂಗ್ ಆಡೀಯೆ?"

"ನಾನ್ಯಾಕ್ ಆಡ್ಲಿ. ವರ್ಸಾ ವರ್ಸಾ ಈ ಅಂಗಳದಲ್ಲಿ ಅರಿಸಿನ ಒಣಗ್ತಿತ್ತು, ನಾವೂ ಅದ್ರ ಪಕ್ಕದಲ್ಲೇ ಓಡಾಡ್ತಿದ್ದೋ. ಈ ವರ್ಸ ನಮ್ ಕಾಲಿಗೆ ಸಿಕ್ತದೆ ಅಂದ್ರಂತೆ. ಕಾಲಿಗಾ, ಕೈಗಾ? ಅಗೆದಿದ್ದೂ ಈ ಕೈ, ಬೇಯ್ಸಿದ್ದೂ ಈ ಕೈ."

ಅವ್ವನ ಬಾಯಿ ತೆರೆಯಿತು. ಮೂರು ಮಾತು ಸಾಕಿತ್ತು. ಆದರೆ ಪಕ್ಕದಲ್ಲೇ ರಾಚಯ್ಯ ಇದ್ದ, ಕೊಪ್ಪರಿಗೆ ಇಳಿಸಲು ಬಂದ ಗಂಡಾಳುಗಳಿದ್ದರು, ಅಪ್ಪ ನೆಲ ನೋಡುತ್ತಾ ನಿಂತಿದ್ದ. ಅವ್ವನ ಬಾಯಿ ಮುಚ್ಚಿತು. ಸಿದ್ದಮ್ಮ ಸೆರಗು ಸಿಕ್ಕಿಸಿಕೊಂಡು ಬದುವಿನ ಮೇಲೆ ನಡೆದು ಹೋದಳು. ಅವಳ ಪಾಲಿನ ಮೊರ ಜಗಲಿಯ ಮೇಲೆ ಮೂರು ದಿನ ಹಾಗೇ ಇತ್ತು. ಮುಂದಿನ ವರ್ಷ ಅವಳು ಬೇರೆಯವರ ಹೊಲಕ್ಕೆ ಹೋದಳು. ಮಾದಿ ನಾಲ್ಕನೇ ಕ್ಲಾಸು ಮುಗಿಸಿ, ಅಜ್ಜಿಯ ಊರಿನ ಸ್ಕೂಲಿಗೆ ಸೇರಿದಳು.

ಹೋದ ವರ್ಷ ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ, ಗುಂಡ್ಲುಪೇಟೆ ಬಸ್ಸು ಹೊರಡುತ್ತದೋ ಇಲ್ಲವೋ, ಹೊರಟರೂ ಇದೇ ಬಸ್ಸೋ ಎಂದು ಮೂವರನ್ನು ಕೇಳಿ ಹತ್ತಿ ಕೂತಿದ್ದೆ. ಪಕ್ಕದಲ್ಲಿ ಬಂದು ಕೂತ ಹೆಂಗಸು ನನ್ನ ಮುಖವನ್ನೇ ನೋಡಿ, "ನಾಗಮ್ಮ ಅಲ್ವ್ರಾ" ಅಂದಳು. ಮಾದಿ. ಕೂದಲು ಅರ್ಧ ಬೆಳ್ಳಗಾಗಿತ್ತು. ಸ್ಕೂಲೊಂದರಲ್ಲಿ ಬಿಸಿಯೂಟದ ಅಡಿಗೆ ಮಾಡುತ್ತಾಳಂತೆ. ಮಕ್ಕಳ ವಿಷಯ, ಮಂಡಿನೋವಿನ ವಿಷಯ ಮಾತಾಡಿದೆವು. ಸಿದ್ದಮ್ಮ ಹೋಗಿ ಹದಿನಾಲ್ಕು ವರ್ಷವಾಯಿತಂತೆ. ಊರು ಹತ್ತಿರ ಬರುತ್ತಿತ್ತು. ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಅನ್ನಿಸಿತು.

"ಮಾದಿ, ಆವತ್ತು ದಾರಿ ಸರ್ಸಿದ್ದು ಅರಿಸಿನಕ್ಕಲ್ಲ ಕಣೆ. ನಮ್ ಜಯಕ್ಕ ಮೀಯಕ್ಕೆ ಆಗ್ತಿರ್ಲಿಲ್ಲ, ಅದ್ಕೆ."

ಅವಳು ಚೀಲವನ್ನು ಮಡಿಲಿಂದ ಎತ್ತಿ ಕಾಲ ಬಳಿ ಇಟ್ಟಳು.

"ಅಷ್ಟೇನಾ?"

"ಅಷ್ಟೇ."

"ನಮ್ಗೆಲ್ಲಿತ್ತು ಬಚ್ಚಲು? ನಮ್ಮವ್ವ ನಮ್ಮನ್ನ ಹಳ್ಳದ ಪೊದೆ ಮರೇಲಿ ಮೀಯ್ಸೋಳು. ಒಬ್ರು ಮಿಂದು ಮುಗ್ಸೋಗಂಟ ಇನ್ನೊಬ್ರು ಸೀರೆ ಇಡ್ಕಂಡು ನಿಂತ್ಕತಿದ್ದೋ. ಈ ಮಾತು ಆವತ್ತೇ ಅಂದಿದ್ರೆ, ನಮ್ಮವ್ವನೇ ಒಂದ್ ಹೊರೆ ಮುಳ್ಳು ಹೊತ್ತು ತಂದು ನಿಮ್ ದಾರಿಗೆ ಹಾಕಿ ಓಗೋಳು." ಹಾಗೆಂದು ನಕ್ಕಳು. ನಾನೂ ನಗಬೇಕಾಯಿತು.

ಚಾಮರಾಜನಗರದ ಮನೆಗೆ ವಾಪಸ್ ಬಂದು ಅವ್ವನಿಗೆ ಹೇಳಿದೆ. ಅವ್ವ ಈಗ ನನ್ನ ಜೊತೆಯಲ್ಲೇ ಇದ್ದಾಳೆ. ಅವರೆಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಅವ್ರಿಗೆ ಬಚ್ಚಲು ಇರ್ನಿಲ್ವಾ?"

"ಇರ್ಲಿಲ್ವಂತೆ."

"ನಂಗೊತ್ತೇ ಇರ್ನಿಲ್ಲ ಕಣಮ್ಮಿ."

ಗೊತ್ತಾಗುವುದಾದರೂ ಹೇಗೆ? ಆ ದಾರಿಯಲ್ಲಿ ಅವರು ಈ ಕಡೆಗೆ ದಿನಾ ಬಂದರು. ನಮ್ಮ ಸಾರು ಏನೆಂದು ಅವರಿಗೆ ಗೊತ್ತಿತ್ತು. ಆ ಕಡೆಗೆ ನಾವು ಒಂದು ದಿನವೂ ನಡೆದು ಹೋಗಿರಲಿಲ್ಲ. ನಾನೂ ಇಲ್ಲ, ಅವ್ವನೂ ಇಲ್ಲ. ಅಪ್ಪ ಕೂಡ ಕೇಳಲು ಹೋದದ್ದು ಅರಳಿಕಟ್ಟೆಯವರೆಗೆ ಮಾತ್ರ.

ಈಗ ತೆಂಕಲ ಬದುವಿನ ಮೇಲೆ ಸಿಮೆಂಟ್ ರಸ್ತೆಯಾಗಿದೆ. ಕೇರಿಯ ಮನೆಮನೆಗೂ ಬಾಗಿಲಿರುವ ಬಚ್ಚಲಿದೆಯಂತೆ. ನಮ್ಮ ಹಿತ್ತಲಿಗೆ ಕಾಂಪೌಂಡ್ ಬಂದಿದೆ. ಎಲ್ಲ ಬೇಕಾದದ್ದೇ, ಯಾವುದನ್ನೂ ಬೇಡ ಅನ್ನಲಾರೆ. ಚಾಮರಾಜನಗರದ ನಮ್ಮ ಮಹಡಿಯಲ್ಲಿ ಪಕ್ಕದ ಮನೆಯವರು ಯಾವಾಗ ಸ್ನಾನ ಮಾಡುತ್ತಾರೆ ಎಂದು ನನಗೆ ಗೊತ್ತಿಲ್ಲ, ಒಳ್ಳೆಯದೇ. ಅವರು ಇವತ್ತು ಉಂಡರೋ ಇಲ್ಲವೋ, ಅದೂ ಗೊತ್ತಿಲ್ಲ. ಅವರ ಬಾಗಿಲು ತಟ್ಟಿ ಕೇಳಬಹುದು. ಏನಂದುಕೊಳ್ಳುತ್ತಾರೋ ಎಂದು ಯೋಚಿಸಿ ಮೂರು ವರ್ಷವಾಯಿತು.

ಮಾದಿಗೆ ಬಸ್ಸಿನಲ್ಲಿ ಒಂದು ಮಾತು ಹೇಳಲಿಲ್ಲ, ಅವಳು ಮರೆತಿರಬಹುದು. ದಾರಿ ಸರಿದ ಐದನೆಯ ದಿನವೋ ಆರನೆಯ ದಿನವೋ, ಸ್ಕೂಲಿನ ತೊಟ್ಟಿಯ ಹತ್ತಿರ ನಾವಿಬ್ಬರೇ ಇದ್ದೆವು. ಅವಳು ಸ್ಲೇಟು ತೊಳೆಯುತ್ತಿದ್ದಳು. ನನ್ನ ಕಡೆ ನೋಡದೆ ಕೇಳಿದಳು: "ನಾಗಿ, ದಿಟ ಹೇಳು. ಅರಿಸಿನಕ್ಕೇನಾ?"

ಅವಳಿಗೆ ಬೇರೆ ಉತ್ತರ ಬೇಕಿತ್ತು. ಅದನ್ನು ಕೇಳಲೆಂದೇ ಬೇರೆ ಹುಡುಗಿಯರು ಹೋಗುವವರೆಗೆ ನಿಂತಿದ್ದಳು. ನನಗೆ ಅದು ಗೊತ್ತಾಯಿತು. ಸುತ್ತಮುತ್ತ ಯಾರೂ ಇರಲಿಲ್ಲ.

"ಹೂಂ," ಅಂದೆ.

"ಸರಿ ಬುಡು," ಅಂದಳು. ಸ್ಲೇಟನ್ನು ಲಂಗಕ್ಕೆ ಒರೆಸಿಕೊಂಡು ಒಳಗೆ ಹೋದಳು.